ಚಿಕ್ಕಪ್ಪ, ಅತ್ತೆಯ ಕೀಮೋ ಮಾತ್ರ ತಡ ಮಾಡಬೇಡಿ

ಚಿಕ್ಕಪ್ಪ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಮೆಸೇಜ್ ಈಗ ಪೂರ್ತಿ ಓದಿದೆ. ಕ್ಯಾನ್ಸರ್ ಕೋಶದ ಒಳಗೇ ಹೋಗಿ, ಅಲ್ಲಿ ತಾನಾಗಿ ಜೋಡಿಸಿಕೊಂಡು ಅದನ್ನು ಸಾಯಿಸುವ ನ್ಯಾನೋ ಕಣ ಬಂದಿದೆಯಂತೆ, ಇನ್ನು ಕೀಮೋ ಬೇಕಿಲ್ಲವಂತೆ, ಅತ್ತೆಯದ್ದು ಎರಡು ತಿಂಗಳು ತಡೆಯೋಣವಾ ಅಂತ ಕೇಳಿದ್ದೀರಿ. ಬೇಡ ಚಿಕ್ಕಪ್ಪ. ಗುರುವಾರದ ಡೋಸ್ ಗುರುವಾರವೇ ಆಗಲಿ. ರಕ್ತದ ಕೌಂಟ್ ಕಡಿಮೆ ಇದ್ದರೆ ಡಾಕ್ಟರೇ ಮುಂದೂಡುತ್ತಾರೆ, ಅದು ಬೇರೆ ಮಾತು. ನಾವಾಗಿ ನಿಲ್ಲಿಸುವುದು ಬೇಡ. ನಾನು ರಜೆ ಹಾಕಿದ್ದೇನೆ, ಕಿದ್ವಾಯಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಡೈರಿ ಸರ್ಕಲ್ ಹತ್ತಿರ ಟ್ರಾಫಿಕ್ ಶುರುವಾಗುವ ಮೊದಲೇ ದಾಟಿಬಿಡೋಣ.

ಹಾಗಂತ ಮೆಸೇಜಿನಲ್ಲಿರುವ ವಿಜ್ಞಾನ ಸುಳ್ಳಲ್ಲ. ನಾನು ಬಯೋಕೆಮಿಸ್ಟ್ರಿ ಓದಿದವಳು, ಈ ವಿಷಯ ಅಂದರೆ ನನಗೆ ನಿಜವಾಗಿಯೂ ಪ್ರೀತಿ. ತಾನಾಗಿ ಜೋಡಿಸಿಕೊಳ್ಳುವುದು ಅಂದರೆ ಸೋಪಿನ ನೀರಿನಲ್ಲಿ ಆಗುವುದೇ. ಸೋಪಿನ ಅಣುವಿನ ಒಂದು ತುದಿ ನೀರಿನ ಕಡೆ ಹೋಗುತ್ತದೆ, ಇನ್ನೊಂದು ಜಿಡ್ಡಿನ ಕಡೆ. ನೀರಿಗೆ ಬಿದ್ದ ಕೂಡಲೇ ಜಿಡ್ಡಿನ ತುದಿಗಳೆಲ್ಲ ಒಳಗೆ ಸೇರಿಕೊಂಡು ಸಣ್ಣ ಉಂಡೆಯಾಗುತ್ತವೆ, ಯಾರೂ ಕೂತು ಕಟ್ಟಬೇಕಿಲ್ಲ. ಔಷಧಿಯನ್ನೂ ಹೀಗೇ ಉಂಡೆಯಾಗುವ ಹಾಗೆ ಮಾಡಬಹುದು. ಅಂಥ ಔಷಧಿಯ ಉಂಡೆಯೇ ನ್ಯಾನೋ ಕಣ, ಸುಮಾರು 100 ನ್ಯಾನೋಮೀಟರ್ ಇರುತ್ತದೆ, ನಮ್ಮ ಕೂದಲು 80,000 ನ್ಯಾನೋಮೀಟರ್ ದಪ್ಪ ಇರಬಹುದು.

ಇನ್ನು ಕೋಶದ ಒಳಗಿನ ಗುರಿ. ಸಿಸ್‌ಪ್ಲಾಟಿನ್ ತರದ ಕೀಮೋ ಔಷಧಿ ಮುಖ್ಯವಾಗಿ ನ್ಯೂಕ್ಲಿಯಸ್‌ನಲ್ಲಿರುವ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಅದನ್ನು ರಿಪೇರಿ ಮಾಡಿಕೊಂಡು ಬದುಕಿಬಿಡುತ್ತವೆ, ಔಷಧಿ ಕೆಲಸ ಮಾಡದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಶಕ್ತಿ ತಯಾರಾಗುವ ಮೈಟೋಕಾಂಡ್ರಿಯಾಕ್ಕೂ ಸ್ವಂತ ಡಿಎನ್‌ಎ ಇದೆ, ಅಲ್ಲಿ ಆ ರಿಪೇರಿ ವ್ಯವಸ್ಥೆ ಇಲ್ಲ! ಅದರ ಒಳಭಾಗ ಸುಮಾರು 180 ಮಿಲಿವೋಲ್ಟ್‌ನಷ್ಟು ನೆಗೆಟಿವ್, ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಪಾಸಿಟಿವ್ ಚಾರ್ಜ್ ಇರುವ ಒಂದು ಅಣುವನ್ನು ಔಷಧಿಗೆ ಅಂಟಿಸಿದರೆ ಮೈಟೋಕಾಂಡ್ರಿಯಾವೇ ಅದನ್ನು ಎಳೆದುಕೊಳ್ಳುತ್ತದೆ. ಮೈಟೋಕಾಂಡ್ರಿಯಾ ಒಡೆದರೆ ಸೈಟೋಕ್ರೋಮ್ ಸಿ ಅನ್ನುವ ಪ್ರೋಟೀನ್ ಹೊರಬಂದು, ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳಲು ಶುರು ಮಾಡುತ್ತದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಬಿಂಗ್ ಶು ಅವರ ತಂಡ ಇನ್ನೊಂದು ದಾರಿ ಹಿಡಿದಿದೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಜಾಸ್ತಿ ಇರುವ ಕಿಣ್ವವೊಂದು ಪೆಪ್ಟೈಡಿನ (ಅಂದರೆ ಪುಟ್ಟ ಪ್ರೋಟೀನಿನಂಥ ಅಣುವಿನ) ಒಂದು ತುಣುಕನ್ನು ಕತ್ತರಿಸುತ್ತದೆ, ಆಮೇಲೇ ಪೆಪ್ಟೈಡುಗಳು ಸೇರಿ ನಾರಿನ ಹಾಗೆ ಹೆಣೆದುಕೊಂಡು ಆ ಕೋಶವನ್ನು ಸಾಯಿಸುತ್ತವೆ. ಎಷ್ಟು ಚೆನ್ನಾಗಿದೆ ಅಲ್ವಾ?

ಆದರೆ ಇದರಲ್ಲಿ ಹೆಚ್ಚಿನದು ಇನ್ನೂ ಲ್ಯಾಬಿನ ಕೋಶಗಳಲ್ಲಿ, ಇಲಿಗಳಲ್ಲಿ ನಡೆದ ಕೆಲಸ. ಮೈಯೊಳಗೆ ಗಡ್ಡೆಯವರೆಗೆ ತಲುಪಿಸುವುದೇ ದೊಡ್ಡ ಕಷ್ಟ. ಹತ್ತು ವರ್ಷದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ 2016ರಲ್ಲಿ ಒಂದು ಲೆಕ್ಕ ಬಂತು. ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆ ಸೇರುವುದು ಸಾಮಾನ್ಯವಾಗಿ ಶೇಕಡಾ 0.7 ಅಷ್ಟೇ. ಉಳಿದದ್ದರಲ್ಲಿ ಬಹಳಷ್ಟನ್ನು ಲಿವರ್, ಗುಲ್ಮ ಹಿಡಿದುಬಿಡುತ್ತವೆ.

ಇನ್ನೊಂದು, ನ್ಯಾನೋ ಬಂದರೆ ಕೀಮೋ ಹೋಗುತ್ತದೆ ಅನ್ನುವುದೇ ತಪ್ಪು. ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕ ಡಾಕ್ಸಿಲ್, 2005ರಲ್ಲಿ ಬಂದ ಅಬ್ರಾಕ್ಸೇನ್ ಎರಡೂ ನ್ಯಾನೋ ಔಷಧಿಗಳೇ, ಅವುಗಳೊಳಗೆ ಇರುವುದು ಹಳೆಯ ಕೀಮೋ ಔಷಧಿಯೇ. ಈ ತರದ್ದು ನಮ್ಮ ಬೆಂಗಳೂರಿನಲ್ಲೂ ಸಿಗುತ್ತದೆ. ಅತ್ತೆಗೆ ಹೊಂದುತ್ತದಾ, ಈಗ ಕೊಡುತ್ತಿರುವುದಕ್ಕಿಂತ ಲಾಭ ಇದೆಯಾ ಅಂತ ಡಾಕ್ಟರನ್ನೇ ಕೇಳೋಣ, ನಾನು ಬರೆದುಕೊಂಡಿದ್ದೇನೆ. ಹೊಸ ಔಷಧಿಯ ಟ್ರಯಲ್ ಏನಾದರೂ ಇದ್ದರೂ ಅವರ ಮೂಲಕವೇ ಹೋಗಬೇಕು. ನಮ್ಮ ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ ಸಿಟಿಆರ್‌ಐ ಎಲ್ಲರಿಗೂ ತೆರೆದಿದೆ, ನಾನು ಇವತ್ತು ರಾತ್ರಿ ಹುಡುಕುತ್ತೇನೆ.

ಆ ಮೆಸೇಜಿನ ಕೊನೆಯಲ್ಲಿ ಅಡ್ವಾನ್ಸ್ ಕಳಿಸಿ ಅಂತ ಒಂದು ನಂಬರ್ ಇದೆಯಲ್ಲ, ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೇರೆ ಗ್ರೂಪಿಗೂ ಕಳಿಸಬೇಡಿ. ಅತ್ತೆ ಆಗಲೇ ಓದಿಬಿಟ್ಟಿದ್ದರೆ ನನಗೆ ಹೇಳಿ, ಊಟ ಆದ ಮೇಲೆ ನಾನೇ ಫೋನ್ ಮಾಡಿ ಅವರ ಹತ್ತಿರ ನಿಧಾನವಾಗಿ ಮಾತಾಡುತ್ತೇನೆ.