ಡಬಲ್ ಬ್ಲ್ಯಾಕ್‌ನ ಹೊಗೆ ಘಾಟು: ಇದನ್ನು ಸವಿಯೋದು ಹೇಗೆ?

ಹೊಸಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ದುಬೈನಿಂದ ಬರುವಾಗ ಜಾನಿ ವಾಕರ್ ಡಬಲ್ ಬ್ಲ್ಯಾಕ್ ಅನ್ನೋ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ತಂದುಕೊಟ್ಟಿದ್ದಾರೆ. ನಾನು ಇಷ್ಟು ದಿನ ಕುಡಿದದ್ದೆಲ್ಲ ಇಲ್ಲಿನ ವಿಸ್ಕಿ, ಅದೂ ಗ್ಲಾಸ್ ತುಂಬ ಸೋಡಾ ಹಾಕಿಕೊಂಡು. ಇದರ ಮುಚ್ಚಳ ತೆಗೆದ ಕೂಡಲೇ ಹೊಗೆ ವಾಸನೆ ಮೂಗಿಗೆ ಹೊಡೆಯಿತು. ಬೇಡ ಅನ್ನಿಸಲಿಲ್ಲ, ಆದರೆ ಹೊಗೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಈ ವಾಸನೆ ಎಲ್ಲಿಂದ ಬರುತ್ತೆ, ಏನಾದರೂ ಬೆರೆಸ್ತಾರಾ? ರಾ ಕುಡಿಯಬೇಕಾ, ನೀರು ಹಾಕಬಹುದಾ? ಜಾನಿ ವಾಕರ್‌ನದೇ ಬ್ಲ್ಯಾಕ್ ಲೇಬಲ್ ಮೇಲೆ 12 ವರ್ಷ ಅಂತ ಇರುತ್ತೆ, ಇದರ ಮೇಲೆ ಅಂಥದ್ದೇನೂ ಇಲ್ಲ, ಹಾಗಾದರೆ ಇದು ಕಡಿಮೆ ದರ್ಜೆಯದಾ? ಗೆಳೆಯನೊಬ್ಬ ಬೇರೆ, ಬ್ಲೆಂಡೆಡ್ ಅಂದರೆ ಕಲಬೆರಕೆ, ಕುಡಿದರೆ ಸಿಂಗಲ್ ಮಾಲ್ಟೇ ಕುಡಿಯಬೇಕು ಅಂತಾನೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಮೈಸೂರು ಮಾಲ್ಟ್

ಒಳ್ಳೇ ಬಾಟಲಿ ಸಿಕ್ಕಿದೆ, ಆತುರ ಬೇಡ. ಮೊದಲು ಹೊಗೆ ವಿಷಯ. ಯಾರೂ ಏನೂ ಬೆರೆಸೋದಿಲ್ಲ, ಹೊಗೆ ಬಾರ್ಲಿಯಲ್ಲೇ ಸೇರಿಕೊಂಡು ಬರುತ್ತೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸ್ತಾರೆ, ಆಮೇಲೆ ಮೊಳಕೆ ಬೆಳೆಯದಂತೆ ಬಿಸಿ ಗಾಳಿಯಲ್ಲಿ ಒಣಗಿಸ್ತಾರೆ. ಹಾಗೆ ಒಣಗಿಸುವಾಗ ಕೆಳಗೆ ಪೀಟ್ ಸುಟ್ಟರೆ ಅದರ ಹೊಗೆ ಹಸಿ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಗಟ್ಟಿಯಾದ ಪಾಚಿ, ಹುಲ್ಲು, ಬೇರು. ಅದನ್ನು ಇಟ್ಟಿಗೆ ಥರ ಕತ್ತರಿಸಿ ಒಣಗಿಸಿ ಉರಿಸ್ತಾರೆ. ಆ ಹೊಗೆಯಲ್ಲಿರೋ ಫೀನಾಲ್ ಅನ್ನೋ ವಾಸನೆಯ ರಾಸಾಯನಿಕಗಳು ಭಟ್ಟಿ ಇಳಿಸಿದ ಮೇಲೂ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಮೇಲೂ ಉಳೀತವೆ.

ಈಗ ಕುಡಿಯೋ ವಿಷಯ. 30 ಎಂಎಲ್ ಸಾಕು. ಬಾಯಿ ಕಿರಿದಾಗಿರೋ ಗ್ಲಾಸ್ ಇದ್ದರೆ ತಗೊಳ್ಳಿ, ಅಗಲ ಬಾಯಿಯ ಗ್ಲಾಸಿನಲ್ಲಿ ವಾಸನೆ ಚದುರಿ ಹೋಗುತ್ತೆ. ಸುರಿದು ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ. ಅಂಚಿನಿಂದ ಸ್ವಲ್ಪ ಮೇಲೆ ಇಟ್ಟು, ಬಾಯಿ ಒಂಚೂರು ತೆರೆದು ಮೆಲ್ಲಗೆ ಎಳೆದುಕೊಳ್ಳಿ, ಆಗ ಆಲ್ಕೋಹಾಲ್ ಖಾರ ಕಡಿಮೆ ಬಡಿಯುತ್ತೆ. ಒಂದೆರಡು ನಿಮಿಷ ಹೀಗೆ ಮಾಡಿದರೆ ಮೂಗು ಹೊಗೆಗೆ ಒಗ್ಗಿಕೊಳ್ಳುತ್ತೆ, ಹಿಂದೆ ಇದ್ದದ್ದು ಮುಂದೆ ಬರುತ್ತೆ. ಡಬಲ್ ಬ್ಲ್ಯಾಕ್‌ನಲ್ಲಿ ನನಗೆ ಸಿಗೋದು ಒಣದ್ರಾಕ್ಷಿ, ಸೇಬು, ವೆನಿಲಾ, ಕೊನೆಗೆ ಸ್ವಲ್ಪ ಲವಂಗ. ವೆನಿಲಾ ಬರೋದು ಪೀಪಾಯಿಯಿಂದ, ಇದಕ್ಕೆ ಒಳಗೋಡೆಯನ್ನು ಚೆನ್ನಾಗಿ ಸುಟ್ಟು ಕರಕಲು ಮಾಡಿದ ಓಕ್ ಪೀಪಾಯಿ ಬಳಸ್ತಾರೆ.

ಗುಟುಕು ಚಿಕ್ಕದಿರಲಿ, ನಾಲಿಗೆ ಮೇಲೆಲ್ಲ ಓಡಾಡಿಸಿ ನುಂಗಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಹೊಗೆಯ ನಿಜವಾದ ರುಚಿ ಇರೋದು ಆ ಉಸಿರಿನಲ್ಲೇ. ಆಮೇಲೆ ಅರ್ಧ ಚಮಚ ನೀರು ಹಾಕಿ ಮತ್ತೆ ಮೂಸಿ, ನೀರು ಸೇರಿದರೆ ವಾಸನೆ ಮೇಲೆ ಬರುತ್ತೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಹೊಗೆ ವಾಸನೆ ಕೊಡೋ ಗ್ವಾಯಕಾಲ್ ಅನ್ನೋ ಅಂಶ, ಆಲ್ಕೋಹಾಲ್ ಶೇ 45ರ ತನಕ ಇದ್ದಾಗ ಮೇಲ್ಮೈಗೆ ಬಂದು ಸೇರುತ್ತೆ, ಶೇ 59 ದಾಟಿದರೆ ಒಳಗೇ ಉಳಿಯುತ್ತೆ. ನಿಮ್ಮ ಬಾಟಲಿ ಹೊರಗಿನದಾದ್ದರಿಂದ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 40 ಇರುತ್ತೆ, ಇಲ್ಲಿನ ಅಂಗಡಿಯದು ಶೇ 42.8. ಎರಡೂ ಶೇ 45ರ ಒಳಗೇ ಇರೋದರಿಂದ ಜಾಸ್ತಿ ನೀರು ಬೇಡ. ಐಸ್ ಅಂತೂ ಮೊದಲ ಸಲ ಬೇಡವೇ ಬೇಡ, ತಣ್ಣಗಾದರೆ ವಾಸನೆ ಮೇಲೇಳೋದಿಲ್ಲ.

ಇನ್ನೊಂದು ಮಾಡಿ ನೋಡಿ. ಖಾಲಿ ಗ್ಲಾಸನ್ನು ತೊಳೆಯದೆ ಇಟ್ಟು ಬೆಳಗ್ಗೆ ಮೂಸಿ. ಹಣ್ಣಿನ ವಾಸನೆ ಹಾರಿಹೋಗಿರುತ್ತೆ, ಹೊಗೆ ಮಾತ್ರ ತಳದಲ್ಲಿ ಕೂತಿರುತ್ತೆ. ಫೀನಾಲ್‌ಗಳು ಅಷ್ಟು ಬೇಗ ಆವಿಯಾಗೋದಿಲ್ಲ, ಅದಕ್ಕೇ.

ಕ್ಲೈಡ್ ತೀರದವನು

ಗ್ಲಾಸ್ಗೋದಲ್ಲಿದ್ದೀನಿ, ಬ್ಲೆಂಡ್ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದಕ್ಕೆ ಉತ್ತರ ಬರೀಲೇಬೇಕು ಅನ್ನಿಸಿತು. ಕಲಬೆರಕೆ ಅನ್ನೋದು ತಪ್ಪು ಮಾತು. ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ಬ್ಲೆಂಡ್ ಅಂದರೆ ಹಲವು ಡಿಸ್ಟಿಲರಿಗಳ ಮಾಲ್ಟ್ ಜೊತೆಗೆ ಗೋಧಿ ಅಥವಾ ಮೆಕ್ಕೆಜೋಳದಿಂದ ಮಾಡಿದ ಗ್ರೇನ್ ವಿಸ್ಕಿ ಸೇರಿಸಿದ್ದು. ಸ್ಕಾಚ್ ಅನ್ನಿಸಿಕೊಳ್ಳೋಕೆ ಎಲ್ಲವೂ ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿ, ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇಟ್ಟದ್ದೇ ಆಗಿರಬೇಕು, ಕಾನೂನು ಹಾಗಿದೆ. ಗ್ರೇನ್ ವಿಸ್ಕಿ ಹಗುರ, ಸಿಹಿ. ಆ ಸಿಹಿ ಇರೋದರಿಂದಲೇ ಹೊಗೆ ಗಂಟಲಿಗೆ ಅಡರದೆ ನಿಧಾನವಾಗಿ ಹರಡುತ್ತೆ. ನನ್ನ ಮಟ್ಟಿಗೆ ಹೊಗೆ ಕಲಿಯೋಕೆ ಬ್ಲೆಂಡ್‌ಗಿಂತ ಒಳ್ಳೇ ದಾರಿ ಇಲ್ಲ.

ಜಾನ್ ವಾಕರ್ 1820ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ ತೆರೆದದ್ದು ದಿನಸಿ ಅಂಗಡಿ. ಮಾಲ್ಟ್ ಮತ್ತು ಗ್ರೇನ್ ಎರಡನ್ನೂ ಸುಂಕ ಕಟ್ಟೋ ಮೊದಲೇ ಗೋದಾಮಿನಲ್ಲಿ ಬೆರೆಸೋಕೆ 1860ರ ಕಾನೂನು ಅವಕಾಶ ಕೊಟ್ಟ ಮೇಲೆ ಅವರ ಮಗ ಅಲೆಕ್ಸಾಂಡರ್ ಬ್ಲೆಂಡ್ ವ್ಯಾಪಾರವನ್ನು ಬೆಳೆಸಿದರು. ಪ್ರತಿ ಪೀಪಾಯಿಯ ರುಚಿ ಒಂದೊಂದು ಥರ ಇರುವಾಗ, ಯಾವ ಊರಲ್ಲಿ ಕೊಂಡರೂ ಅದೇ ರುಚಿ ಬರೋ ಹಾಗೆ ಮಾಡೋದು ಸಣ್ಣ ಕೆಲಸ ಅಲ್ಲ.

ಜಾನಿ ವಾಕರ್‌ನ ಹೊಗೆಗೆ ಮುಖ್ಯ ಕಾರಣ ಸ್ಕಾಟ್ಲೆಂಡಿನ ಐಲಾ ದ್ವೀಪದ ಕಲ್ ಈಲಾ ಡಿಸ್ಟಿಲರಿ. 1846ರಲ್ಲಿ ಶುರುವಾದದ್ದು, ಹಳೇ ಕಟ್ಟಡ ಕೆಡವಿ 1974ರಲ್ಲಿ ಮತ್ತೆ ಕಟ್ಟಿದ್ದಾರೆ. ಇಲ್ಲಿಂದ ಹೋಗೋದಾದರೆ ಕೆನ್ನಕ್ರೇಗ್‌ನಲ್ಲಿ ಫೆರಿ ಹತ್ತಬೇಕು, ಪೋರ್ಟ್ ಆಸ್ಕೇಗ್ ತಲುಪೋಕೆ ಸುಮಾರು ಎರಡು ಗಂಟೆ. ಡಿಸ್ಟಿಲರಿ ಅಲ್ಲೇ ಹತ್ತಿರ, ಸಮುದ್ರಕ್ಕೆ ಅಂಟಿಕೊಂಡು. ತಾಮ್ರದ ಭಟ್ಟಿಗಳಿರೋ ಕೋಣೆಯ ಒಂದು ಗೋಡೆ ಪೂರ್ತಿ ಗಾಜು, ಎದುರಿಗೆ ಕಿರಿದಾದ ಜಲಸಂಧಿ, ಆಚೆ ಜುರಾ ದ್ವೀಪದ ಬೆಟ್ಟ. ಅವರ ಬಾರ್ಲಿ ಬರೋದು ಅದೇ ದ್ವೀಪದ ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನಿಂದ. ಐಲಾದಲ್ಲಿ ಮರ ಕಡಿಮೆ, ಪೀಟ್ ಜಾಸ್ತಿ, ಹಿಂದೆ ಅಡುಗೆಗೂ ಚಳಿಗೂ ಅದನ್ನೇ ಉರಿಸುತ್ತಿದ್ದರು, ಬಾರ್ಲಿಗೂ ಅದೇ ಆಯಿತು.

12 ವರ್ಷದ ಪ್ರಶ್ನೆ: ಲೇಬಲ್ ಮೇಲಿನ ಸಂಖ್ಯೆ ಒಳಗಿರೋ ಅತಿ ಎಳೆಯ ವಿಸ್ಕಿಯ ವಯಸ್ಸು. ಡಬಲ್ ಬ್ಲ್ಯಾಕ್‌ನಲ್ಲಿ ವಯಸ್ಸು ಬರೆಯೋದಿಲ್ಲ. ಪೀಟ್ ವಿಸ್ಕಿ ಪೀಪಾಯಿಯಲ್ಲಿ ಹಳೆಯದಾಗ್ತಾ ಹೋದ ಹಾಗೆ ಹೊಗೆ ಮೆದುವಾಗುತ್ತೆ, ಹಾಗಾಗಿ ಘಾಟು ಬೇಕಿದ್ದರೆ ಎಳೆಯದೂ ಕೆಲಸಕ್ಕೆ ಬರುತ್ತೆ. ಸಮತೋಲದಲ್ಲಿ ಬ್ಲ್ಯಾಕ್ ಲೇಬಲ್ ಮೇಲು, ಹೊಗೆಯಲ್ಲಿ ಡಬಲ್ ಬ್ಲ್ಯಾಕ್ ಮೇಲು ಅಂತ ನನ್ನ ಅಭಿಪ್ರಾಯ.

ಕಡಲ ತಡಿ ಕುಂದಾಪ್ರ

ಮೇಲಿನೋರು ಹೇಳಿದ್ದೆಲ್ಲ ಸರಿ, ಆದರೆ ಐಸ್ ಬೇಡ, ಜಾಸ್ತಿ ನೀರು ಬೇಡ ಅಂತ ಹುಡುಗನ್ನ ಹೆದರಿಸಬೇಡಿ ಮಾರಾಯ್ರೆ, ಸೋಡಾ ಹಾಕಿಯೂ ಕುಡಿಯಬಹುದು. ಈ ಸೆಕೆಗೆ ಉದ್ದ ಗ್ಲಾಸಿನಲ್ಲಿ ಐಸ್ ತುಂಬಿಸಿ, 45 ಎಂಎಲ್ ವಿಸ್ಕಿಗೆ ಮೂರು ಪಟ್ಟು ತಣ್ಣನೆ ಸೋಡಾ, ಮೇಲೆ ನಿಂಬೆ ಸಿಪ್ಪೆಯ ಒಂದು ಚೂರನ್ನು ಹಿಂಡಿ ಹಾಕಿ. ಬೇರೆ ಬ್ಲೆಂಡ್‌ಗಳು ಇಷ್ಟು ಸೋಡಾದಲ್ಲಿ ಸಪ್ಪೆಯಾಗ್ತವೆ, ಹೊಗೆ ಇರೋದು ಸಪ್ಪೆಯಾಗೋದಿಲ್ಲ. ಗುಳ್ಳೆ ಒಡೆಯುವಾಗ ವಾಸನೆ ಮೇಲೆ ಬರುತ್ತೆ. ಕೋಲಾ ಮಾತ್ರ ಬೇಡ, ಆ ಸಿಹಿಯಲ್ಲಿ ಎಲ್ಲ ಮುಳುಗಿ ಹೋಗುತ್ತೆ.

ನಂಜಿಕೊಳ್ಳೋಕೆ ಖಾರದ್ದು ತಗೋಬೇಡಿ. ನಮ್ಮೂರ ಮೀನು ಫ್ರೈ ನನಗೆ ಪ್ರಾಣ, ಆದರೂ ಮೆಣಸಿನ ಖಾರದ ಮೇಲೆ ವಿಸ್ಕಿ ಬಿದ್ದರೆ ನಾಲಿಗೆ ಉರಿಯೋದು ಬಿಟ್ಟು ಏನೂ ತಿಳಿಯೋದಿಲ್ಲ. ಉಪ್ಪು ಹಾಕಿ ಹುರಿದ ಗೋಡಂಬಿ, ಚೀಸ್, ಇಲ್ಲಾಂದರೆ ಕಪ್ಪು ಚಾಕಲೇಟ್ ಸಾಕು.

ಹೊಸಪೇಟೆ ಹುಡುಗ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಿನ್ನೆ ರಾತ್ರಿ ಮೈಸೂರು ಸರ್ ಹೇಳಿದ ಹಾಗೇ ಮಾಡಿದೆ. ನೀರು ಹಾಕೋ ಮೊದಲು ಹೊಗೆ ಒಂದೇ, ಹಾಕಿದ ಮೇಲೆ ಒಣದ್ರಾಕ್ಷಿ ಖಂಡಿತ ಸಿಕ್ಕಿತು, ಲವಂಗ ಇನ್ನೂ ಹುಡುಕ್ತಿದ್ದೀನಿ. ಉಸಿರು ಬಿಡೋ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲ, ರುಚಿ ಎಷ್ಟೊತ್ತು ಉಳೀತು ಅಂದರೆ ಎರಡನೇ ಪೆಗ್ ಬೇಕು ಅನ್ನಿಸಲಿಲ್ಲ. ಇದು ಮುಗಿದ ಮೇಲೆ ಯಾವುದು ತಗೊಳ್ಳಲಿ? ಬೆಲೆ ಕಡಿಮೆ ಇದ್ದರೆ ಒಳ್ಳೇದು.

ಮೈಸೂರು ಮಾಲ್ಟ್

ಟೀಚರ್ಸ್ ಹೈಲ್ಯಾಂಡ್ ಕ್ರೀಮ್ ಅನ್ನೋ ಬ್ಲೆಂಡೆಡ್ ಸ್ಕಾಚ್ ತಗೊಳ್ಳಿ, ಬೆಲೆಗೆ ತಕ್ಕದ್ದಕ್ಕಿಂತ ಜಾಸ್ತಿ ಕೊಡುತ್ತೆ. ಅದರ ಹೊಗೆ ಬರೋದು ಆರ್ಡ್‌ಮೋರ್‌ನಿಂದ, 1898ರಲ್ಲಿ ಟೀಚರ್ ಮನೆತನದವರೇ ತಮ್ಮ ಬ್ಲೆಂಡ್‌ಗೋಸ್ಕರ ಕಟ್ಟಿದ ಡಿಸ್ಟಿಲರಿ. ಅದು ಸ್ಕಾಟ್ಲೆಂಡಿನ ಒಳನಾಡಿನ ಪೀಟ್, ಐಲಾದ್ದರಲ್ಲಿ ಬರೋ ಅಯೋಡಿನ್ ವಾಸನೆ ಇದರಲ್ಲಿ ಇಲ್ಲ, ಸುಟ್ಟ ಕಟ್ಟಿಗೆ ಕಡೆಗೆ ವಾಲುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿದರೆ ಹೊಗೆಯಲ್ಲೂ ಜಾತಿ ಬೇರೆ ಬೇರೆ ಅಂತ ಗೊತ್ತಾಗುತ್ತೆ. ಟೀಚರ್ಸ್ ಮೊದಲು, ಡಬಲ್ ಬ್ಲ್ಯಾಕ್ ಆಮೇಲೆ, ತಿರುಗಿಸಿದರೆ ಟೀಚರ್ಸ್‌ನ ಹೊಗೆ ತಿಳಿಯೋದೇ ಇಲ್ಲ.

ಮುಂದೆ ಕೈಯಲ್ಲಿ ಸ್ವಲ್ಪ ದುಡ್ಡು ಆದಾಗ ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ನೋಡಿ. ಸ್ಕಾಚ್ ಅಲ್ಲ, ಸಿಂಗಲ್ ಮಾಲ್ಟ್, ಆದರೆ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಬಾರ್ಲಿ ಮತ್ತು ನಮ್ಮ ಬಾರ್ಲಿ ಎರಡೂ ಇದೆ. ಶೇ 50 ಇರುತ್ತೆ, ಅದಕ್ಕೆ ನೀರು ಒಂಚೂರು ಧಾರಾಳವಾಗೇ ಹಾಕಿಕೊಳ್ಳಿ.