ಅಪ್‌ಡೇಟ್: ಎಫ್-1 ವೀಸಾ ಕೊನೆಗೂ ಕ್ರಮವಾಗಿ ಮುಗಿಯಿತು
ಅಮೆರಿಕದಲ್ಲಿ ಓದನ್ನು ಅರ್ಧಕ್ಕೇ ನಿಲ್ಲಿಸಿ ಹೊರಡುವವರು ಎಫ್-1 ವಿದ್ಯಾರ್ಥಿ ವೀಸಾವನ್ನು ಮುಗಿಸುವುದು ಹೇಗೆಂದು ಕೇಳಿದ್ದೆ. ಕಾನ್ಸುಲೇಟ್‌ಗೆ ಬರೆದು ವೀಸಾ ರದ್ದು ಮಾಡಿಸಿಕೊಳ್ಳಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಪ್ರವೇಶ ಕೋರುವುದಕ್ಕಷ್ಟೇ, ವಿದ್ಯಾರ್ಥಿಯ ಸ್ಥಾನಮಾನವಿರುವುದು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದತ್ತಸಂಚಯ) ದಾಖಲೆಯಲ್ಲಿ. ತರಗತಿಗಳನ್ನು ಕೈಬಿಡುವ ಮೊದಲೇ ವಿಶ್ವವಿದ್ಯಾಲಯದ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಅವರನ್ನು ಕಾಣಿರೆಂದು ಒಬ್ಬರು ಹೇಳಿದ್ದೇ ಫಲ ಕೊಟ್ಟಿತು. ಅನುಮತಿ ಪಡೆದೇ ಓದು ಬಿಟ್ಟಿದ್ದೇನೆಂದು ಡಿಎಸ್‌ಒ ಸೆವಿಸ್‌ನಲ್ಲಿ ನಮೂದಿಸಿದ ಮೇಲೆ ಹೊರಡಲು ನನಗೆ ಸಿಕ್ಕಿದ್ದು ಕೇವಲ 15 ದಿನ; ನಾನು ನಂಬಿಕೊಂಡಿದ್ದ 60 ದಿನಗಳ ಅವಕಾಶ ಓದು ಪೂರೈಸಿದವರಿಗಂತೆ! ವಿಮಾನ ನಿಲ್ದಾಣದಲ್ಲಿ ಯಾರೂ ಮುದ್ರೆ ಒತ್ತಲಿಲ್ಲವಾದ್ದರಿಂದ ಬೋರ್ಡಿಂಗ್ ಪಾಸನ್ನು ಜೋಪಾನವಾಗಿಟ್ಟುಕೊಂಡೆ. ಕೆಲವು ದಿನಗಳ ಬಳಿಕ ಐ-94 (ವಿದೇಶಿಯರ ಆಗಮನ-ನಿರ್ಗಮನದ ದಾಖಲೆ) ಜಾಲತಾಣದಲ್ಲಿ ನಿರ್ಗಮನದ ದಿನಾಂಕ ಕಾಣಿಸಿತು.