ಸಹಾಯ ಬೇಕು: ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ಪ್ರೊಪೇನ್ ಸೋರಿಕೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಕಳೆದ ವರ್ಷ ಕೊಂಡ 1989ರ ಕ್ಯಾಂಪರ್ ವ್ಯಾನನ್ನು (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವಾಹನ) ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದರೆ, ಫ್ರಿಜ್ಜಿನ ಬುಡದಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿದೆ. ವ್ಯಾನಿನ ಒಲೆ, ಫ್ರಿಜ್ಜು ಎರಡನ್ನೂ ನಡೆಸುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ, ಸೋರಿಕೆ ಎಲ್ಲಿದ್ದರೂ ಅದು ಕೆಳಗಿಳಿದು ನೆಲದ ಹತ್ತಿರ ಸೇರಿಕೊಳ್ಳುತ್ತದೆ. ಹಾಗಾಗಿ ಫ್ರಿಜ್ಜೇ ಕಾರಣವೆಂದು ಈಗಲೇ ತೀರ್ಮಾನಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಟ್ಯಾಂಕಿನ ವಾಲ್ವ್, ರೆಗ್ಯುಲೇಟರ್, ಒಲೆಯ ಹಿಂದಿನ ತಾಮ್ರದ ಕೊಳವೆಯ ಜೋಡಣೆಗಳು, ಇವೆಲ್ಲಕ್ಕೂ ಅಮೋನಿಯಾ ಇಲ್ಲದ ಸೋಪಿನ ನೀರು ಹಚ್ಚಿ ನೋಡಿದೆ. ರೆಗ್ಯುಲೇಟರಿನ ಹಿತ್ತಾಳೆ ನಟ್ಟಿನ ಅಂಚಿನಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಅರ್ಧ ನಿಮಿಷಕ್ಕೊಂದರಂತೆ ಎದ್ದವು. ಕೊಳವೆಯ ಬಾಯನ್ನು ಹೊಸದಾಗಿ ಫ್ಲೇರ್ ಮಾಡಿಸಿದ (ನಟ್ಟಿಗೆ ಬಿಗಿಯಾಗಿ ಕೂರುವಂತೆ ಕಹಳೆಯ ಹಾಗೆ ಅಗಲಿಸಿದ) ಮೇಲೆ ಅಲ್ಲಿ ಗುಳ್ಳೆ ನಿಂತಿತು; ವಾಸನೆ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಟ್ಯಾಂಕಿನ ವಾಲ್ವ್ ಮುಚ್ಚಿದ್ದೇನೆ, ವ್ಯಾನಿನೊಳಗೆ ಯಾರೂ ಮಲಗುತ್ತಿಲ್ಲ.

ಮ್ಯಾನೋಮೀಟರ್ (ಅನಿಲದ ಒತ್ತಡ ಅಳೆಯುವ ಸಾಧನ) ಜೋಡಿಸಿ ಒತ್ತಡ ಇಳಿಯುವುದನ್ನು ಪರೀಕ್ಷಿಸುವಾಗ, ಸೋರುತ್ತಿರುವುದು ಕೊಳವೆಯೋ ಫ್ರಿಜ್ಜಿನೊಳಗಿನ ಗ್ಯಾಸ್ ವಾಲ್ವೋ ಎಂದು ತಿಳಿಯಲು ಫ್ರಿಜ್ಜಿಗೆ ಹೋಗುವ ಕವಲು ಕೊಳವೆಯನ್ನು ಹೇಗೆ ಬೇರ್ಪಡಿಸಿ ಮುಚ್ಚಬೇಕು? ಇಂಥ ಹಳೆಯ ವ್ಯಾನುಗಳಲ್ಲಿ ಇದನ್ನು ಮಾಡಿಸಿದ ಅನುಭವವಿರುವವರು, ಅಥವಾ ಡೆನ್ವರ್ ಸುತ್ತಮುತ್ತ ನಂಬಬಹುದಾದ ಗ್ಯಾಸ್ ಮೆಕ್ಯಾನಿಕ್ ಗೊತ್ತಿರುವವರು ದಯವಿಟ್ಟು ತಿಳಿಸಿ.